ಗ್ಲೌಬರ್ ಉಪ್ಪಿನ ದ್ರಾವಣದಲ್ಲಿ ಬೇರೆ ಹರಳು ಕೂತರೆ: ದೋಷ ಪತ್ತೆ ಮತ್ತು ನಿವಾರಣೆ

ಐಸ್ ನೀರಿನಲ್ಲಿ ಇಟ್ಟಿದ್ದ ಫ್ಲಾಸ್ಕ್. ತಳದಲ್ಲಿ ಗಾಜಿನಷ್ಟು ತಿಳಿಯಾದ ಹರಳುಗಳು. ಗ್ಲೌಬರ್ ಉಪ್ಪು, ಅಂದರೆ ನೀರು ಹಿಡಿದ ಸೋಡಿಯಂ ಸಲ್ಫೇಟ್ ಹರಳು, ಚೆನ್ನಾಗಿ ಕೂತಿದೆ ಅಂದುಕೊಂಡು ಬಾಯಿಗೆ ತುರುಕಿದ್ದ ಹತ್ತಿ ತೆಗೆದೆ. ಗಾಜಿನ ಕಡ್ಡಿಯಿಂದ ಒಂದು ಹರಳನ್ನು ಮೆಲ್ಲಗೆ ಮುಟ್ಟಿದೆ. ಮುಟ್ಟಿದ ಜಾಗದಿಂದಲೇ ಬಿಳುಪು ಹರಡಲು ಶುರುವಾಯಿತು. ನೋಡನೋಡುತ್ತಿದ್ದಂತೆ ಹರಳಿನ ತಿಳಿ ಹೋಗಿ ಸುಣ್ಣದ ಕಲ್ಲಿನಂತಾಯಿತು. ಪಕ್ಕದ್ದಕ್ಕೂ ಅದೇ ಹಬ್ಬಿತು. ಮೇಲಿದ್ದ ದ್ರಾವಣ ಸೂಜಿ ಸೂಜಿಯಾಗಿ ಕಟ್ಟಿಕೊಂಡಿತು. ಒಳಗಿದ್ದ ಥರ್ಮಾಮೀಟರ್ ಏರತೊಡಗಿತು.

ಅಲ್ಲಿ ಮೊದಲು ಕೂತಿದ್ದು ಗ್ಲೌಬರ್ ಉಪ್ಪೇ ಅಲ್ಲ. ಅದೇ ಸೋಡಿಯಂ ಸಲ್ಫೇಟಿನ ಇನ್ನೊಂದು ಹರಳು, ಕಡಿಮೆ ನೀರು ಹಿಡಿದದ್ದು. ನಾನು ಮುಟ್ಟಿದ್ದರಿಂದ ಅದು ಅಳಿದು ನಿಜವಾದ ಗ್ಲೌಬರ್ ಉಪ್ಪಾಯಿತು. ಆಮೇಲೆ ಏನು ಪರೀಕ್ಷೆ ಮಾಡಿದರೂ ಸಿಗುವುದು ಗ್ಲೌಬರ್ ಉಪ್ಪೇ. ಮೊದಲು ಏನಿತ್ತು ಅನ್ನುವ ಸಾಕ್ಷಿ ಉಳಿಯಲಿಲ್ಲ.

ಹಾಗಾಗಿ ಈ ಕೈಪಿಡಿಯಲ್ಲಿ ಪರೀಕ್ಷೆಗಳ ಕ್ರಮವೇ ಮುಖ್ಯ. ಯಂತ್ರ ಕೆಟ್ಟರೆ ಮೊದಲು ಬಿಚ್ಚಿ ನೋಡುತ್ತೇವೆ, ಅಲ್ವಾ? ಇಲ್ಲಿ ಬಿಚ್ಚುವುದು ಕೊನೆಗೆ.

ಒಂದೇ ಉಪ್ಪು, ಮೂರು ಹರಳು

ಸೋಡಿಯಂ ಸಲ್ಫೇಟ್ ನೀರಿನಿಂದ ಮೂರು ರೂಪದಲ್ಲಿ ಕೂರಬಹುದು. ಒಂದು, ಪ್ರತಿ ಘಟಕಕ್ಕೆ ಹತ್ತು ನೀರಿನ ಅಣು ಹಿಡಿದ ಡೆಕಾಹೈಡ್ರೇಟ್. ಇದೇ ಗ್ಲೌಬರ್ ಉಪ್ಪು, ಗಣಿಯಲ್ಲಿ ಸಿಕ್ಕರೆ ಮಿರಾಬಿಲೈಟ್. ಎರಡು, ಏಳು ನೀರು ಹಿಡಿದ ಹೆಪ್ಟಾಹೈಡ್ರೇಟ್. ಮೂರು, ನೀರೇ ಇಲ್ಲದ ಒಣ ಸಲ್ಫೇಟ್, ಅಂದರೆ ಥೆನಾರ್ಡೈಟ್. ಮುಂದೆ ಇವನ್ನು ಹತ್ತು ನೀರಿನದು, ಏಳು ನೀರಿನದು, ಒಣದು ಅಂತಲೇ ಕರೆಯುತ್ತೇನೆ.

32.4 ಡಿಗ್ರಿ ಸೆಲ್ಸಿಯಸ್ ಕೆಳಗೆ ಸ್ಥಿರವಾಗಿರುವುದು ಹತ್ತು ನೀರಿನದು. ಅದರ ಮೇಲೆ ಒಣದು. ಏಳು ನೀರಿನದು ಯಾವ ಉಷ್ಣತೆಯಲ್ಲೂ ಪೂರ್ತಿ ಸ್ಥಿರವಲ್ಲ. ಅದು ಅರೆಸ್ಥಿರ, ಪುಸ್ತಕದ ಮಾತಿನಲ್ಲಿ ಮೆಟಾಸ್ಟೇಬಲ್. ಹತ್ತು ನೀರಿನ ಹರಳಿನ ಒಂದು ಕಣವೂ ಹತ್ತಿರ ಸುಳಿಯದಿದ್ದರೆ ತಿಂಗಳುಗಟ್ಟಲೆ ಸುಮ್ನೆ ಕೂತಿರಬಲ್ಲದು. ಕಣ ತಗುಲಿದ ಕೂಡಲೇ ಅದರ ಕಥೆ ಮುಗಿಯಿತು.

ಹಾಗಾದರೆ ಸ್ಥಿರವಲ್ಲದ್ದು ಮೊದಲು ಯಾಕೆ ಬರುತ್ತದೆ? 1897ರಲ್ಲಿ ರಸಾಯನ ವಿಜ್ಞಾನಿ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಇದನ್ನು ಒಂದು ನಿಯಮದಂತೆ ಹೇಳಿದರು. ಹಿಡಿಸುವುದಕ್ಕಿಂತ ಜಾಸ್ತಿ ಉಪ್ಪು ಹೊತ್ತ ದ್ರಾವಣ, ಅಂದರೆ ಅತಿಪರ್ಯಾಪ್ತ ದ್ರಾವಣ, ನೇರವಾಗಿ ಅತಿ ಸ್ಥಿರ ರೂಪಕ್ಕೆ ಇಳಿಯುವುದಿಲ್ಲ. ಹತ್ತಿರದ ಮೆಟ್ಟಿಲಿಗೆ ಇಳಿಯುತ್ತದೆ. ಹರಳು ಹುಟ್ಟಬೇಕಾದರೆ ಅಣುಗಳು ಸೇರಿ ಒಂದು ಪುಟ್ಟ ಗುಂಪು ಕಟ್ಟಬೇಕು. ಗುಂಪು ತೀರಾ ಚಿಕ್ಕದಿದ್ದಾಗ ಅದರ ಮೇಲ್ಮೈಗೆ ತೆರಬೇಕಾದ ಬೆಲೆ ಜಾಸ್ತಿ, ಒಳಗಿನ ಲಾಭ ಕಡಿಮೆ. ಆದ್ದರಿಂದ ಮತ್ತೆ ಕರಗಿ ಹೋಗುತ್ತದೆ. ಒಂದು ಅಳತೆ ದಾಟಿದರೆ ಮಾತ್ರ ಬೆಳೆಯುತ್ತದೆ. ಆ ಅಳತೆ ದಾಟುವುದು ಏಳು ನೀರಿನದಕ್ಕೆ ಸುಲಭ, ಹತ್ತು ನೀರಿನದಕ್ಕೆ ಕಷ್ಟ. ಇದು ಓಸ್ಟ್‌ವಾಲ್ಡ್‌ಗಿಂತ ಬಹಳ ಮೊದಲೇ ಕಣ್ಣಿಗೆ ಬಿದ್ದಿತ್ತು. 1850ರ ದಶಕದಲ್ಲಿ ಲೋವೆಲ್ ಎಂಬ ರಸಾಯನ ವಿಜ್ಞಾನಿ ಮುಚ್ಚಿದ ಪಾತ್ರೆಗಳಲ್ಲಿ ಈ ಏಳು ನೀರಿನ ಹರಳನ್ನು ಪಡೆದು ವಿವರವಾಗಿ ಬರೆದಿದ್ದರು.

ಲೆಕ್ಕಕ್ಕೆ ಒಂದೇ ದ್ರಾವಣ ಹಿಡಿದುಕೊಳ್ಳಿ

ಪತ್ತೆಕಾರ್ಯಕ್ಕೆ ದ್ರಾವಣದ ಪ್ರಮಾಣ ಗೊತ್ತಿರಲೇಬೇಕು. ನಾನು ಬಳಸುವುದು 100 ಗ್ರಾಂ ನೀರಿಗೆ 42 ಗ್ರಾಂ ಒಣ ಸಲ್ಫೇಟ್. ಕೈಯಲ್ಲಿರುವುದು ಗ್ಲೌಬರ್ ಉಪ್ಪಾದರೆ 95 ಗ್ರಾಂ ಉಪ್ಪಿಗೆ 47 ಗ್ರಾಂ ನೀರು ಸಾಕು. ಉಳಿದ ನೀರು ಉಪ್ಪಿನೊಳಗೇ ಇದೆ.

ಈ ಲೆಕ್ಕ ತಪ್ಪುವವರೇ ಜಾಸ್ತಿ. ಡಬ್ಬಿಯ ಮೇಲೆ ಸೋಡಿಯಂ ಸಲ್ಫೇಟ್ ಅಂತಷ್ಟೇ ಓದಿ, ಗ್ಲೌಬರ್ ಉಪ್ಪನ್ನೇ 42 ಗ್ರಾಂ ತೂಗಿ 100 ಗ್ರಾಂ ನೀರಿಗೆ ಹಾಕಿದರೆ, ನಿಜವಾಗಿ 100 ಗ್ರಾಂ ನೀರಿಗೆ 15 ಗ್ರಾಂ ಒಣ ಸಲ್ಫೇಟ್ ಮಾತ್ರ ಆಗುತ್ತದೆ. 10 ಡಿಗ್ರಿಗೆ ತಣಿಸಿದರೂ ಅದರಲ್ಲಿ ಏಳು ನೀರಿನದು ಬರಲು ಸಾಧ್ಯವೇ ಇಲ್ಲ. ಹತ್ತು ನೀರಿನದೂ ಸುಲಭವಾಗಿ ಬರುವುದಿಲ್ಲ. ಏನೂ ಬರಲಿಲ್ಲ ಅಂತ ಕೂರುವ ಮೊದಲು ಡಬ್ಬಿ ತೆಗೆದು ಒಮ್ಮೆ ನೋಡಿ. ಒಣದಾದರೆ ಹಿಟ್ಟಿನಂತಿರುತ್ತದೆ. ಹತ್ತು ನೀರಿನದಾದರೆ ತಿಳಿ ಹರಳು, ಗಾಳಿಗೆ ಬಿಟ್ಟಲ್ಲಿ ಮೇಲೆ ಬಿಳಿ ಪುಡಿ ಹತ್ತಿರುತ್ತದೆ.

ಈಗ ಕರಗುವಿಕೆಯ ಅಂಕಿಗಳು. ಎಲ್ಲವೂ 100 ಗ್ರಾಂ ನೀರಿಗೆ ಒಣ ಸಲ್ಫೇಟ್ ಲೆಕ್ಕದಲ್ಲಿ. ಹತ್ತು ನೀರಿನ ಹರಳಿನ ಜೊತೆ ಸಮತೋಲದಲ್ಲಿರುವ ದ್ರಾವಣದಲ್ಲಿ 0 ಡಿಗ್ರಿಗೆ ಸುಮಾರು 4.5 ಗ್ರಾಂ, 10 ಡಿಗ್ರಿಗೆ 9 ಗ್ರಾಂ, 20 ಡಿಗ್ರಿಗೆ 19.5 ಗ್ರಾಂ, 30 ಡಿಗ್ರಿಗೆ ಸುಮಾರು 41 ಗ್ರಾಂ. ಏಳು ನೀರಿನದರ ಜೊತೆಗಾದರೆ 0 ಡಿಗ್ರಿಗೆ 19.5, 10 ಡಿಗ್ರಿಗೆ 30, 20 ಡಿಗ್ರಿಗೆ 44. ಅದೇ ಉಷ್ಣತೆಯಲ್ಲಿ ಎರಡಕ್ಕೂ ಎಷ್ಟು ಅಂತರ ನೋಡಿ. ಪತ್ತೆಯೆಲ್ಲ ನಿಂತಿರುವುದು ಈ ಅಂತರದ ಮೇಲೆ.

ಮುಚ್ಚಿದಂತೆಯೇ ಮಾಡುವ ಪರೀಕ್ಷೆ

ನನಗೆ ಅತಿ ಇಷ್ಟವಾದದ್ದು ಇದು. ಇದಕ್ಕೆ ಒಂದು ಥರ್ಮಾಮೀಟರ್, ಒಂದು ಬಾನಿ ನೀರು, ಸ್ವಲ್ಪ ತಾಳ್ಮೆ ಸಾಕು.

ಹತ್ತಿ ತೆಗೆಯಬೇಡಿ. ಫ್ಲಾಸ್ಕನ್ನು ಹಾಗೇ ಐಸ್ ನೀರಿನಿಂದ ಎತ್ತಿ, 12 ಡಿಗ್ರಿ ಆಸುಪಾಸಿನ ನೀರಿನ ಬಾನಿಯಲ್ಲಿ ಇಡಿ. ಹತ್ತು ಹದಿನೈದು ನಿಮಿಷಕ್ಕೆ ಒಂದು ಡಿಗ್ರಿಯಂತೆ ಬಾನಿಯ ನೀರನ್ನು ಬೆಚ್ಚಗೆ ಮಾಡುತ್ತಾ ಹೋಗಿ. ಆಗಾಗ ಫ್ಲಾಸ್ಕನ್ನು ನಿಧಾನವಾಗಿ ತಿರುಗಿಸಿ, ದ್ರಾವಣ ಕುತ್ತಿಗೆಗೆ ತಾಗದಂತೆ. ಕುತ್ತಿಗೆಯಲ್ಲಿ ಒಣಗಿದ ಉಪ್ಪಿನ ಗೆರೆ ಇದ್ದರೆ ಅದೇ ಬೀಜವಾಗಿ, ಅಂದರೆ ಹರಳು ಬೆಳೆಯಲು ಶುರುವಾಗುವ ಕಣವಾಗಿ, ಒಳಗೆ ಬೀಳುತ್ತದೆ. ಕೊನೆಯ ಹರಳು ಕರಗಿ ಹೋದ ಉಷ್ಣತೆ ಬರೆದುಕೊಳ್ಳಿ.

42 ಗ್ರಾಂ ದ್ರಾವಣದಲ್ಲಿ ಏಳು ನೀರಿನದು 18 ರಿಂದ 19 ಡಿಗ್ರಿಯಲ್ಲಿ ಪೂರ್ತಿ ಕರಗಿ ಹೋಗುತ್ತದೆ. ಹತ್ತು ನೀರಿನದು 30 ಡಿಗ್ರಿ ದಾಟುವವರೆಗೂ ಉಳಿಯುತ್ತದೆ. ನಡುವೆ ಹನ್ನೊಂದು ಡಿಗ್ರಿಯ ಅಂತರ. ಥರ್ಮಾಮೀಟರ್ ಒಂದು ಡಿಗ್ರಿ ಆಚೀಚೆ ತೋರಿಸಿದರೂ ಗೊಂದಲ ಆಗುವುದಿಲ್ಲ.

"ಫ್ರಿಜ್‌ನಿಂದ ಹೊರಗೆ ತೆಗೆದಿಟ್ಟೆ, ಹರಳು ಮಾಯವಾಯಿತು" ಅನ್ನುವ ದೂರಿನ ಹಿಂದೆಯೂ ಇದೇ ಇರುತ್ತದೆ. ಕೋಣೆ 22 ಡಿಗ್ರಿ ಇದ್ದರೆ ಏಳು ನೀರಿನದು ಕರಗಲೇಬೇಕು. ಗ್ಲೌಬರ್ ಉಪ್ಪಾಗಿದ್ದರೆ ಉಳಿಯುತ್ತಿತ್ತು. ಮಾಯವಾಗಿದ್ದೇ ಅದರ ಗುರುತು.

ಬಾನಿ ಬೆಚ್ಚಗಾದಂತೆ ತಳದ ಬಿಳಿ ಕರಗದೆ ಉಳಿದು, 35 ದಾಟಿದರೂ ಹಾಗೇ ಇದ್ದರೆ ಅದು ಒಣ ಸಲ್ಫೇಟ್. ತೀರಾ ತಣಿಸಿದಾಗ ಬಂದ ತೆಳು ಹಾಳೆಗಳು ಮೇಲಕ್ಕೆ ತೇಲಿದರೆ ಅದು ಬರೀ ಮಂಜುಗಡ್ಡೆ. ಉಪ್ಪಿನ ಹರಳು ಮುಳುಗುತ್ತದೆ.

ದ್ರಾವಣವನ್ನು ತೂಗುವುದು

ಪ್ರಮಾಣ ಗೊತ್ತಿಲ್ಲದ ದ್ರಾವಣ ಕೈಗೆ ಬಂದರೆ ಮೇಲಿನ ಪರೀಕ್ಷೆ ನಡೆಯುವುದಿಲ್ಲ. ಆಗ ಹರಳಿನ ಮೇಲಿನ ತಿಳಿಯನ್ನು ತೂಗಬೇಕು.

ಫ್ಲಾಸ್ಕನ್ನು 10 ಡಿಗ್ರಿಯಲ್ಲಿ ಅರ್ಧ ದಿನ ಬಿಡಿ. ಪಿಪೆಟ್ ಅನ್ನು ಬಿಸಿ ನೀರಿನಲ್ಲಿ ತೊಳೆದು, ಬಿಸಿ ಗಾಳಿಯಲ್ಲಿ ಒಣಗಿಸಿ. 50 ಡಿಗ್ರಿಗಿಂತ ಮೇಲೆ ಇರಲಿ, ಅದಕ್ಕೆ ಅಂಟಿರಬಹುದಾದ ಹತ್ತು ನೀರಿನ ಕಣ ಅಳಿಯಬೇಕು. ಅದನ್ನು ಶುದ್ಧ ಜಾಗದಲ್ಲಿ ಆರಲು ಬಿಟ್ಟು, ಹತ್ತಿಯನ್ನು ಅರ್ಧ ಮಾತ್ರ ಸರಿಸಿ, 10 ಗ್ರಾಂನಷ್ಟು ತಿಳಿ ತೆಗೆಯಿರಿ. ತೂಗಿದ ಬಟ್ಟಲಲ್ಲಿ ಹಾಕಿ 110 ಡಿಗ್ರಿಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ.

10 ಗ್ರಾಂ ತಿಳಿಯಿಂದ 2.3 ಗ್ರಾಂ ಆಸುಪಾಸು ಉಪ್ಪು ಉಳಿದರೆ ಕೆಳಗೆ ಕೂತಿರುವುದು ಏಳು ನೀರಿನದು. 0.8 ಗ್ರಾಂ ಆಸುಪಾಸು ಉಳಿದರೆ ಹತ್ತು ನೀರಿನದು. ನಡುವಿನ ಅಂಕಿ ಬಂದರೆ ದ್ರಾವಣ ಇನ್ನೂ ಸಮತೋಲಕ್ಕೆ ಬಂದಿಲ್ಲ, ಅಥವಾ ಒಂದು ಇನ್ನೊಂದಾಗುತ್ತಿದೆ. ಇನ್ನಷ್ಟು ಹೊತ್ತು ಬಿಟ್ಟು ಮತ್ತೆ ತೂಗಿ.

ಹರಳನ್ನೇ ಎತ್ತಿ ಒಣಗಿಸಿ ನೀರಿನ ಪಾಲು ಅಳೆಯಬಾರದೇ ಅಂತ ಕೇಳಬಹುದು. ಲೆಕ್ಕ ಇದೆ: ಹತ್ತು ನೀರಿನದರಲ್ಲಿ ತೂಕದ 55.9 ಪಾಲು ನೂರಕ್ಕೆ ನೀರು, ಏಳು ನೀರಿನದರಲ್ಲಿ 47. ಆದರೆ ಎತ್ತುವಾಗ ಹರಳಿಗೆ ದ್ರಾವಣ ಅಂಟಿರುತ್ತದೆ. ಗಾಳಿಗೆ ಬಂದ ಕೂಡಲೇ ಬೀಜ ತಗುಲಿ, ಅಂಟಿದ ದ್ರಾವಣದ ನೀರನ್ನೇ ಹೀರಿ ಅದು ಹತ್ತು ನೀರಿನದಾಗುತ್ತದೆ. ಅಂಕಿ ಎಲ್ಲೋ ನಡುವೆ ಬಂದು ನಿಮ್ಮನ್ನು ದಾರಿ ತಪ್ಪಿಸುತ್ತದೆ. ಎಕ್ಸ್-ರೇ ಯಂತ್ರಕ್ಕೆ ಕೊಟ್ಟರೂ ಇದೇ ತೊಂದರೆ: ಪುಡಿ ಮಾಡುವಷ್ಟರಲ್ಲಿ ಅದು ಬೇರೆಯಾಗಿರುತ್ತದೆ. ನಾನು ದ್ರಾವಣವನ್ನೇ ಜಾಸ್ತಿ ನಂಬುತ್ತೇನೆ.

ಬೀಜ ಮುಟ್ಟಿಸಿ ನೋಡುವುದು

ಇದು ಕೊನೆಯ ಪರೀಕ್ಷೆ. ಮಾಡಿದ ಮೇಲೆ ಹಿಂದಕ್ಕೆ ಹೋಗಲಾಗದು.

ಗೊತ್ತಿರುವ ಗ್ಲೌಬರ್ ಉಪ್ಪಿನ ಒಂದು ಚೂರನ್ನು ಹರಳಿನ ಮೇಲೆ ಬಿಡಿ. ತಿಳಿ ಹರಳು ಬಿಳುಚಿಕೊಂಡು, ಸುತ್ತ ಸೂಜಿಗಳು ಹಬ್ಬಿ, ಬಿಸಿ ಬಿಟ್ಟರೆ ಅದು ಏಳು ನೀರಿನದು. ಏನೂ ಆಗದೆ ಚೂರು ಮಾತ್ರ ಮೆಲ್ಲಗೆ ದೊಡ್ಡದಾಗುತ್ತಾ ಹೋದರೆ ಮೊದಲಿನದೂ ಹತ್ತು ನೀರಿನದೇ. ಚೂರೇ ಕರಗಿ ಹೋದರೆ ದ್ರಾವಣ ಅತಿಪರ್ಯಾಪ್ತವೇ ಅಲ್ಲ, ತೂಕದಲ್ಲಿ ಎಲ್ಲೋ ತಪ್ಪಿದೆ.

ಬಿಳುಪಿಗೆ ಕಾರಣ ಸರಳ. ಏಳು ನೀರಿನ ಒಂದೇ ದೊಡ್ಡ ಹರಳು ಒಡೆದು ಹತ್ತು ನೀರಿನ ಸಾವಿರಾರು ಪುಟ್ಟ ಹರಳುಗಳಾಗುತ್ತವೆ. ಬೆಳಕು ಅವುಗಳ ನಡುವೆ ಚದುರಿ ಬಿಳಿ ಕಾಣುತ್ತದೆ. ಹೊರಗಿನ ಆಕಾರ ಹಳೆಯದೇ ಉಳಿದಿರುತ್ತದೆ, ಒಳಗೆ ಬೇರೆಯದು. ಮೊದಲ ಸಲ ನೋಡಿದಾಗ ನಾನು ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ.

ಒಮ್ಮೆ ಹೀಗೆ, ಒಮ್ಮೆ ಹಾಗೆ ಬರುವುದು ಯಾಕೆ

ಅದೇ ತೂಕ, ಅದೇ ನೀರು, ಅದೇ ಫ್ಲಾಸ್ಕ್. ಒಂದು ದಿನ ಹತ್ತು ನೀರಿನದು, ಇನ್ನೊಂದು ದಿನ ಏಳು. ನನಗೆ ತುಂಬಾ ದಿನ ತಲೆ ತಿಂದ ದೋಷ ಇದು. ಪ್ರಮಾಣವನ್ನೇ ಮತ್ತೆ ಮತ್ತೆ ತಿದ್ದುತ್ತಿದ್ದೆ. ಕಾರಣ ಪ್ರಮಾಣದಲ್ಲಿ ಇರಲೇ ಇಲ್ಲ.

ಆಮೇಲೆ ಪ್ರತಿ ಸಲದ ವಿವರ ಬರೆಯಲು ಶುರು ಮಾಡಿದೆ: ಎಲ್ಲಿ ತೂಗಿದೆ, ಎಷ್ಟು ಹೊತ್ತು ಕಾಯಿಸಿದೆ, ಯಾವಾಗ ಹತ್ತಿ ಹಾಕಿದೆ. ಗ್ಲೌಬರ್ ಉಪ್ಪಿನ ಡಬ್ಬಿಯನ್ನು ಅದೇ ಮೇಜಿನ ಮೇಲೆ ತೆರೆದ ದಿನಗಳಲ್ಲಿ ಹತ್ತು ನೀರಿನದು ಬಂದಿತ್ತು. ತೂಕ ಬೇರೆ ಕೋಣೆಯಲ್ಲಿ ಮಾಡಿ ತಂದ ದಿನ ಏಳು. ಕಣ್ಣಿಗೆ ಕಾಣದ ಉಪ್ಪಿನ ಧೂಳು ಗಾಳಿಯಲ್ಲಿ ಹಾರಿ ಫ್ಲಾಸ್ಕಿಗೆ ಬೀಳುತ್ತಿತ್ತು. ಒಂದು ಕಣ ಸಾಕು. ಗಾಳಿಯನ್ನು ಹತ್ತಿಯಲ್ಲಿ ಸೋಸಿ ಒಳಗೆ ಬಿಟ್ಟರೆ ಈ ದ್ರಾವಣ ಕದಲದೆ ಉಳಿಯುತ್ತದೆ ಅನ್ನುವುದು 19ನೇ ಶತಮಾನದಲ್ಲೇ ಗೊತ್ತಾಗಿತ್ತು.

ಹಾಗಾಗಿ ಇಲ್ಲಿ ಕೇಳಬೇಕಾದ್ದು "ದ್ರಾವಣದಲ್ಲಿ ಏನಿದೆ" ಅಂತ ಅಲ್ಲ, "ದ್ರಾವಣ ಏನೇನು ಕಂಡು ಬಂದಿದೆ" ಅಂತ. ಎಷ್ಟು ಬಿಸಿ ಕಂಡಿತ್ತು? ಕುತ್ತಿಗೆಯವರೆಗೂ ಬಿಸಿ ಏರಿತ್ತಾ? ಏನು ತಾಗಿತು? ಎಷ್ಟು ಬೇಗ ತಣ್ಣಗಾಯಿತು?

ಕುತ್ತಿಗೆಯ ವಿಷಯ ಸುಲಭವಾಗಿ ಮರೆತು ಹೋಗುತ್ತದೆ. ದ್ರಾವಣ 50 ಡಿಗ್ರಿ ತಲುಪಿದರೂ ಗಾಜಿನ ಮೇಲ್ಭಾಗ ತಣ್ಣಗೇ ಇರಬಹುದು. ಅಲ್ಲಿ ಸಿಡಿದು ಒಣಗಿದ ಹನಿಯಲ್ಲಿ ಹತ್ತು ನೀರಿನ ಕಣ ಬದುಕಿರುತ್ತದೆ. ನಾನು ಕಾಯಿಸುವಾಗ ಬಾಯಿಗೆ ವಾಚ್ ಗ್ಲಾಸ್, ಅಂದರೆ ಗಾಜಿನ ಪುಟ್ಟ ತಟ್ಟೆ, ಮುಚ್ಚಿ, ಆವಿ ಮೇಲೆ ತಗುಲಿ ನೀರಾಗಿ ಒಳಗೋಡೆಯನ್ನು ತೊಳೆಯುತ್ತಾ ಇಳಿಯುವಂತೆ ಇಪ್ಪತ್ತು ನಿಮಿಷ ಬಿಡುತ್ತೇನೆ. ಆಮೇಲೆ ಹತ್ತಿ. ಬಿಸಿ ಫ್ಲಾಸ್ಕಿಗೆ ರಬ್ಬರ್ ಬಿರಡೆ ಗಟ್ಟಿಯಾಗಿ ಹಾಕಬೇಡಿ. ತಣ್ಣಗಾದಾಗ ಒಳಗೆ ನಿರ್ವಾತವಾಗಿ ತೆಗೆಯಲು ಬರುವುದಿಲ್ಲ, ತೆಳು ಗಾಜಾದರೆ ಒಡೆಯಲೂಬಹುದು.

ಸರಿಪಡಿಸುವುದು

ಬೇಕಿರುವುದು ಗ್ಲೌಬರ್ ಉಪ್ಪಾದರೆ ಬೀಜ ಹಾಕುವ ಉಷ್ಣತೆಯಲ್ಲೇ ಗುಟ್ಟಿದೆ. 42 ಗ್ರಾಂ ದ್ರಾವಣವನ್ನು 28 ಡಿಗ್ರಿಗೆ ಇಳಿಸಿ ನಿಲ್ಲಿಸಿ. ಅಲ್ಲಿ ಏಳು ನೀರಿನದು ಹುಟ್ಟಲಾರದು, ಅದರ ಮಟ್ಟಿಗೆ ದ್ರಾವಣ ಇನ್ನೂ ತೆಳು. ಹತ್ತು ನೀರಿನದಕ್ಕೆ ಮಾತ್ರ ಸ್ವಲ್ಪ ಅತಿಪರ್ಯಾಪ್ತ. ಅಲ್ಲಿ ಒಂದು ಒಳ್ಳೆಯ ಗ್ಲೌಬರ್ ಹರಳು ಬಿಡಿ. 31ರಲ್ಲಿ ಬಿಟ್ಟರೆ ಕರಗಿ ಹೋಗುತ್ತದೆ. 15ರಲ್ಲಿ ಬಿಟ್ಟರೆ ಒಮ್ಮೆಲೇ ಸೂಜಿಗಳ ಗಡ್ಡೆ ಕಟ್ಟುತ್ತದೆ. 28ರಲ್ಲಿ ಬೀಜ ನೆಮ್ಮದಿಯಿಂದ ಬೆಳೆಯುತ್ತದೆ. ಆಮೇಲೆ ಗಂಟೆಗೆ ಒಂದು ಡಿಗ್ರಿಯಂತೆ ಇಳಿಸುತ್ತಾ ಹೋದರೆ ದ್ರಾವಣದ ಹೆಚ್ಚುವರಿ ಉಪ್ಪೆಲ್ಲ ಆ ಹರಳಿನ ಮೇಲೇ ಕೂರುತ್ತದೆ.

ಬೇಕಿರುವುದು ಏಳು ನೀರಿನದಾದರೆ ಉಲ್ಟಾ. ಉಪ್ಪಿನ ಡಬ್ಬಿ ಆ ಕೋಣೆಯಲ್ಲೇ ಇರಬಾರದು. ದ್ರಾವಣವನ್ನು 50 ಡಿಗ್ರಿಗೆ ಕಾಯಿಸಿ, ಸೋಸಿ, ಮತ್ತೆ ಕಾಯಿಸಿ, ಹತ್ತಿ ಹಾಕಿ, ಬೇಗ 5 ಡಿಗ್ರಿಗೆ ಇಳಿಸಿ. ಎಷ್ಟೋ ಸಲ ಕೆಲವೇ ಗಂಟೆಗಳಲ್ಲಿ ಬರುತ್ತದೆ. ಒಮ್ಮೆ ಗ್ಲೌಬರ್ ಧೂಳು ಹಿಡಿದ ಕೋಣೆಯಲ್ಲಿ ಇದು ಬಹಳ ಕಷ್ಟ. ಒದ್ದೆ ಬಟ್ಟೆಯಲ್ಲಿ ಮೇಜು, ಕಪಾಟು, ತಕ್ಕಡಿಯ ಸುತ್ತ ಎಲ್ಲ ಒರೆಸಿ. ಪೊರಕೆ ಹಾಕಿದರೆ ಧೂಳು ಏಳುತ್ತದೆ, ಇನ್ನೂ ಕೆಡುತ್ತದೆ.

ಕಾಯಿಸುವಾಗಲೇ ಬಿಳಿ ಪುಡಿ ಇಳಿದರೆ ಬೆಂಕಿ ಜಾಸ್ತಿ ಮಾಡಬೇಡಿ. ಈ ಉಪ್ಪು 32.4 ಡಿಗ್ರಿಯಲ್ಲಿ 100 ಗ್ರಾಂ ನೀರಿಗೆ ಸುಮಾರು 50 ಗ್ರಾಂ ಕರಗುತ್ತದೆ. ಅಲ್ಲಿಂದ ಮೇಲೆ ಬಿಸಿಯಾದಷ್ಟೂ ಕಡಿಮೆ: 60ರಲ್ಲಿ 45, 100ರಲ್ಲಿ 42.5. ಕರಗಲಿಲ್ಲ ಅಂತ ಇನ್ನೂ ಕಾಯಿಸಿದರೆ ಇನ್ನೂ ಬೀಳುತ್ತದೆ, ನೀರೂ ಆವಿಯಾಗುತ್ತದೆ. 40ಕ್ಕೆ ಇಳಿಸಿ, ಆವಿಯಾದ ನೀರು ತುಂಬಿಸಿ, ಕಲಕಿ.

ಸೋಡಿಯಂ ಅಸಿಟೇಟಿನ ಬಿಸಿ ಚೀಲ

ಒಳಗೆ ಲೋಹದ ಬಿಲ್ಲೆ ಇರುವ, ಒತ್ತಿದರೆ ಬಿಸಿಯಾಗುವ ಚೀಲದ್ದು ಇದೇ ಜಾತಿಯ ದೋಷ. ಅದರಲ್ಲಿರುವುದು ಮೂರು ನೀರಿನ ಸೋಡಿಯಂ ಅಸಿಟೇಟ್. 58 ಡಿಗ್ರಿಯಲ್ಲಿ ಕರಗುತ್ತದೆ, ಕೋಣೆಯ ಉಷ್ಣತೆಗೆ ಬಂದರೂ ದ್ರವವಾಗೇ ಉಳಿಯುತ್ತದೆ.

ಬಿಸಿ ನೀರಿನಿಂದ ತೆಗೆದು ತಣ್ಣಗಾಗುವಷ್ಟರಲ್ಲಿ ತಾನೇ ಗಟ್ಟಿಯಾದರೆ ಒಳಗೆಲ್ಲೋ ಹರಳು ಉಳಿದಿದೆ. ಬಹುಪಾಲು ಮೂಲೆಯ ಮಡಿಕೆಯಲ್ಲಿ. ಕಣ್ಣಿಗೆ ತಿಳಿಯಾಗಿ ಕಂಡ ಮೇಲೂ ಹತ್ತು ನಿಮಿಷ ಕುದಿಯುವ ನೀರಿನಲ್ಲಿ ಬಿಡಿ, ಮಡಿಕೆ ಬಿಡಿಸಿ ತಿರುವಿ ಹಾಕಿ. ಒತ್ತಿದರೂ ಗಟ್ಟಿಯಾಗದಿದ್ದರೆ ಬಿಲ್ಲೆಯನ್ನು ನೋಡಿ. ಅದರ ಸೀಳುಗಳಲ್ಲಿ ಅಡಗಿ ಉಳಿದ ಸೂಕ್ಷ್ಮ ಹರಳುಗಳೇ ಬಗ್ಗಿಸಿದಾಗ ಹೊರಬಂದು ಬೀಜವಾಗುತ್ತವೆ ಅನ್ನುವುದು ಹೆಚ್ಚು ಒಪ್ಪಿಗೆಯಾದ ವಿವರಣೆ. ಹೊಸ ಬಿಲ್ಲೆಯನ್ನು ಒಮ್ಮೆ ಗಟ್ಟಿಯಾದ ಅಸಿಟೇಟಿನೊಳಗೆ ಇಟ್ಟು ಬಗ್ಗಿಸಿದರೆ ಅದು ಕೆಲಸ ಕಲಿಯುತ್ತದೆ.

ಕೈಯಾರೆ ಮಾಡಿದ ದ್ರಾವಣದ ತಳದಲ್ಲಿ ಬಿಳಿ ಪುಡಿ ಉಳಿದರೆ ಅದು ಒಣ ಅಸಿಟೇಟ್. ಮೂರು ನೀರಿನ ಹರಳಿನಲ್ಲಿ ನೂರಕ್ಕೆ 60.3 ಪಾಲು ಅಸಿಟೇಟ್ ಇದೆ. 58 ಡಿಗ್ರಿಯಲ್ಲಿ ಕರಗಿರುವುದು ಸುಮಾರು 58 ಪಾಲು. ಮಿಕ್ಕದ್ದು ಕೆಳಗೆ ಕೂರುತ್ತದೆ. 80 ಡಿಗ್ರಿಯ ಮೇಲೆ ಕಾಯಿಸಿ ಕಲಕಿ, ಅಥವಾ 100 ಗ್ರಾಂ ಹರಳಿಗೆ 4 ಗ್ರಾಂ ನೀರು ಸೇರಿಸಿ. ಅದಕ್ಕಿಂತ ಜಾಸ್ತಿ ನೀರು ಹಾಕಿದರೆ ಗಟ್ಟಿಯಾಗುವ ಬದಲು ಕೆಸರಿನಂತಾಗುತ್ತದೆ, ಬಿಸಿಯೂ ಕಡಿಮೆ.

ನೂರಾರು ಸಲ ಕಾಯಿಸಿ ತಣಿಸುವ ಕಡೆ

ಬಿಸಿ ಕೂಡಿಡಲು ಗ್ಲೌಬರ್ ಉಪ್ಪು ತುಂಬಿದ ಡಬ್ಬಿಗಳಲ್ಲಿ ಬೇರೊಂದು ದೋಷ. ಮೊದಲು ಚೆನ್ನಾಗಿ ನಡೆದು, ಬರಬರುತ್ತಾ ಬಿಸಿ ಕೊಡುವುದು ಕಡಿಮೆಯಾಗುತ್ತದೆ. 1948ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಡೋವರ್‌ನಲ್ಲಿ ಮಾರಿಯಾ ಟೆಲ್ಕೆಸ್ ರೂಪಿಸಿದ ಸೌರ ಮನೆಯಲ್ಲಿ ಇದೇ ಆಯಿತು. ಕೆಲವು ಚಳಿಗಾಲಗಳಲ್ಲೇ ಡಬ್ಬಿಯೊಳಗಿನ ಉಪ್ಪು ಪದರ ಪದರವಾಗಿ ಬೇರ್ಪಟ್ಟಿತು.

ಲೆಕ್ಕ ಹಾಕಿದರೆ ತಿಳಿಯುತ್ತದೆ. ಹತ್ತು ನೀರಿನ ಹರಳಿನೊಳಗೆ 100 ಗ್ರಾಂ ನೀರಿಗೆ 79 ಗ್ರಾಂ ಒಣ ಸಲ್ಫೇಟ್ ಇದೆ. 32.4 ಡಿಗ್ರಿಯಲ್ಲಿ ಅದೇ ನೀರು ಕರಗಿಸಿಕೊಳ್ಳುವುದು 50 ಗ್ರಾಂ ಮಾತ್ರ. ಉಳಿದ 29 ಗ್ರಾಂ ಪುಡಿಯಾಗಿ ತಳಕ್ಕೆ ಇಳಿಯುತ್ತದೆ. ತಣ್ಣಗಾದಾಗ ಪುಡಿಯ ಮೇಲೆ ಹೊಸ ಹರಳಿನ ಪೊರೆ ಕಟ್ಟಿ, ಕೆಳಗಿನ ಪುಡಿಗೆ ನೀರು ಸಿಗದಂತಾಗುತ್ತದೆ. ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ ಉಪ್ಪು ಹೀಗೆ ಕೈತಪ್ಪುತ್ತದೆ. ಆಳದ ಡಬ್ಬಿ ಬಿಟ್ಟು ಚಪ್ಪಟೆ ತಟ್ಟೆ ಬಳಸುವುದು, ಪುಡಿ ಇಳಿಯದಂತೆ ದ್ರಾವಣವನ್ನು ಮಂದ ಮಾಡುವುದು ಇದಕ್ಕೆ ಪರಿಹಾರ.

ಪದರವಿಲ್ಲದೆಯೂ ತಣ್ಣಗಾದಾಗ ಹರಳು ಕಟ್ಟದಿದ್ದರೆ ಬೋರಾಕ್ಸ್, ಅಂದರೆ ಬಿಳಿಗಾರ, ನೋಡಿ. ಬೀಜದ ಕೆಲಸಕ್ಕೆ ನೂರಕ್ಕೆ ಮೂರು ನಾಲ್ಕು ಪಾಲು ಬೋರಾಕ್ಸ್ ಸೇರಿಸಿರುತ್ತಾರೆ. ಅದರ ಹತ್ತು ನೀರಿನ ಹರಳಿನ ಒಳಜೋಡಣೆ ಗ್ಲೌಬರ್ ಉಪ್ಪಿಗೆ ಹತ್ತಿರ. ಆದರೆ ಸುಮಾರು 61 ಡಿಗ್ರಿ ದಾಟಿದರೆ ಬೋರಾಕ್ಸ್ ತಾನೇ ಐದು ನೀರಿನದಾಗುತ್ತದೆ. ಆಗ ಹೋಲಿಕೆ ತಪ್ಪುತ್ತದೆ. ಯಾರೋ ಒಮ್ಮೆ ಜಾಸ್ತಿ ಕಾಯಿಸಿದ್ದಾರಾ ಅಂತ ಕೇಳಿ.

ಬೇರೆ ಉಪ್ಪುಗಳು

ಕ್ರಮ ಇದೇ, ಅಂಕಿಗಳು ಮಾತ್ರ ಬೇರೆ. ಮೆಗ್ನೀಸಿಯಂ ಸಲ್ಫೇಟ್ 48 ಡಿಗ್ರಿಯ ಕೆಳಗೆ ಏಳು ನೀರಿನದು, ಮೇಲೆ ಆರು. ಬಿಸಿಯಲ್ಲೇ ಆವಿ ಮಾಡಿದರೆ ಆರು ನೀರಿನದು ಬಂದಿರುತ್ತದೆ, ಅದು ದೋಷವಲ್ಲ. ನಿಕಲ್ ಸಲ್ಫೇಟಿನಲ್ಲಿ ಬಣ್ಣವೇ ಹೇಳುತ್ತದೆ: ಏಳು ನೀರಿನದು ಹಸಿರು, 31 ಡಿಗ್ರಿಯ ಮೇಲಿನ ಆರು ನೀರಿನದು ನೀಲಿ ಹಸಿರು. ಅದು ವಿಷ, ಬರಿಗೈಯಲ್ಲಿ ಮುಟ್ಟಬೇಡಿ. ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ ಆರು ನೀರಿನದರ ಬದಲು ನಾಲ್ಕು ನೀರಿನದು ಕೂರುವುದು ಸಾಮಾನ್ಯ. ಸ್ವಲ್ಪ ಜಾಸ್ತಿ ನೀರು, ಬೀಜಕ್ಕೆ ಚೂರು ಸ್ಟ್ರಾನ್ಷಿಯಂ ಕ್ಲೋರೈಡ್ ಹಾಕಿದರೆ ಸರಿಹೋಗುತ್ತದೆ. ಸೋಡಿಯಂ ಥಯೋಸಲ್ಫೇಟ್ 48 ಡಿಗ್ರಿಯಲ್ಲಿ ಕರಗಿ ಕೋಣೆಯಲ್ಲಿ ಸುಮ್ನೆ ದ್ರವವಾಗಿ ಕೂತರೆ ಗಾಬರಿ ಬೇಡ, ಅದರದೇ ಒಂದು ಹರಳು ಹಾಕಿ.

ಇಷ್ಟಾದರೂ ಅಂಕಿ ಕೂಡದಿದ್ದರೆ

ಕೆಲವೊಮ್ಮೆ ಎಲ್ಲವೂ ಸರಿ ಇದ್ದು ಉಷ್ಣತೆಗಳು ಮಾತ್ರ ಕೆಳಗೆ ಜಾರಿರುತ್ತವೆ. 25 ಡಿಗ್ರಿಯಲ್ಲೇ ಒಣ ಪುಡಿ ಕಾಣುತ್ತದೆ. ಹತ್ತು ನೀರಿನದು ನಿಲ್ಲುವುದೇ ಇಲ್ಲ. ಮೊದಲು ಥರ್ಮಾಮೀಟರನ್ನು ಕರಗುತ್ತಿರುವ ಐಸಿನಲ್ಲಿ ಅದ್ದಿ 0 ತೋರಿಸುತ್ತದಾ ನೋಡಿ. ಅದು ಸರಿಯಿದ್ದರೆ ಉಪ್ಪಿನಲ್ಲೇ ಕಲಬೆರಕೆ. ಬಹುಪಾಲು ಸೋಡಿಯಂ ಕ್ಲೋರೈಡ್. ಅದು ದ್ರಾವಣದಲ್ಲಿ ಪೂರ್ತಿ ತುಂಬಿದ್ದರೆ 32.4 ಡಿಗ್ರಿಯ ಗಡಿ ಸುಮಾರು 18ಕ್ಕೇ ಇಳಿಯುತ್ತದೆ. ಕಡಿಮೆ ಇದ್ದರೆ ನಡುವೆ ಎಲ್ಲೋ.

ಎರಡು ಹನಿ ದ್ರಾವಣವನ್ನು ಅರ್ಧ ಲೋಟ ಶುದ್ಧ ನೀರಿನಲ್ಲಿ ತೆಳು ಮಾಡಿ. ತೆಳು ಮಾಡದಿದ್ದರೆ ಸಲ್ಫೇಟೇ ಬೆಳ್ಳಿಯ ಜೊತೆ ಸೇರಿ ಕೂರಬಹುದು. ಒಂದು ಹನಿ ನೈಟ್ರಿಕ್ ಆಮ್ಲ, ಒಂದು ಹನಿ ಸಿಲ್ವರ್ ನೈಟ್ರೇಟ್ ಹಾಕಿ. ನೀರು ತಿಳಿಯಾಗೇ ಉಳಿದರೆ ಕ್ಲೋರೈಡ್ ತೊಂದರೆ ಇಲ್ಲ. ಹಾಲಿನಂತೆ ಮಬ್ಬಾದರೆ ಆ ಡಬ್ಬಿ ಬದಿಗಿಡಿ. ಬೇರೆ ಉಪ್ಪು ತಂದು, ಬೇರೆ ಕೋಣೆಯಲ್ಲಿ 42 ಗ್ರಾಂ ತೂಗಿ, ಮೊದಲಿಂದ ಶುರು ಮಾಡಿ.